ಮಸೆಗಲ್ಲಿನ ಮೇಲೆ ಎಡಗೈ

ಒದ್ದೆ ಕಲ್ಲಿಗೆ ಕಬ್ಬಿಣ ಉಜ್ಜಿದ ವಾಸನೆ ಬಂದರೆ ಸಾಕು, ಹೊರ್ತಿ ಊರಿನ ನಮ್ಮ ಮನೆಯ ಹಿತ್ತಲಿನ ಆ ಮಧ್ಯಾಹ್ನ ಈಗಲೂ ನೆನಪಾಗುತ್ತದೆ. ಅಪ್ಪನ ತಾಯಿ, ನಮ್ಮ ಆಯಿ, ನನಗೆ ಚಾಕು ಮಸೆಯಲು ಕಲಿಸುತ್ತಿದ್ದಳು.

"ಚಾಕೂನ ಬೆನ್ನ ಕೆಳಗ ಕಿರಿಬೆರಳ ಹೋಗುವಷ್ಟ ಸಂದಿ ಇರ್ಲಿ. ಏರಬಾರ್ದು, ಇಳೀಬಾರ್ದು," ಎಂದಳು.

ನನ್ನ ಬಲಗೈ ಮತ್ತೆ ಮತ್ತೆ ವಾಲುತ್ತಿತ್ತು. ಉಣ್ಣುವಾಗ, ಬರೆಯುವಾಗ ಎಡಗೈ ಮುಂದೆ ಬಂದರೆ ಆಯಿಯೇ ಫಟ್ಟನೆ ಹೊಡೆಯುತ್ತಿದ್ದಳು. ಆದರೂ ಬೇಸತ್ತು, ನನಗೇ ತಿಳಿಯದಂತೆ ಕೈ ಬದಲಿಸಿದ್ದೆ. ಕಲ್ಲಿನ ಸಪ್ಪಳ ಒಂದೇ ಸಮ ಕೇಳತೊಡಗಿತು. ಆಯಿ ತಿರುಗಿ ನೋಡಿದಳು. ನಾನು ಹೆದರಿ ನಿಲ್ಲಿಸಿದೆ.

"ಯಾಕ ನಿಲ್ಲಿಸ್ದಿ? ಹಂಗ ತಿಕ್ಕು," ಎಂದಳು.

ಸಂಜೆ ಬದನೆಕಾಯಿ ಹೆಚ್ಚುತ್ತಿದ್ದ ಅವ್ವ, "ಅತ್ತಿ, ಯಾರ ಮಸದಾರ್ರಿ ಇದನ್ನ? ಭಾಳ ಹರಿತ ಆಗೇತಿ," ಎಂದು ಕೇಳಿದಳು. ಆಯಿ ನನ್ನ ಎಡಗೈ ಹಿಡಿದು ಮೇಲೆತ್ತಿ ತೋರಿಸಿದಳು.