ತಪ್ಪಿದ್ದರೆ ತಿದ್ದಿ

“ಅಧ್ಯಕ್ಷರು: ವಾದಿರಾಜ” ಎಂದಿತ್ತು, ನಿವಾಸಿಗಳ ಸಭೆಯಲ್ಲಿ ಕೂತಿದ್ದ ವಾದಿರಾಜನ ಫೋನಿನಲ್ಲಿ. ವೈಟ್‌ಫೀಲ್ಡಿನ ಆ ಅಪಾರ್ಟ್‌ಮೆಂಟಿನ ಸಂಘಕ್ಕೆ ಮೊದಲಿನಿಂದಲೂ ಅಧ್ಯಕ್ಷರಾಗಿರುವ ಚನ್ನವೀರಪ್ಪ ಕನ್ನಡಕ ಏರಿಸಿ ಮತ್ತೆ ಓದಿದರು. ಬ್ರೌಸರಿನಲ್ಲೇ ಪುಕ್ಕಟೆಯಾಗಿ ವೆಬ್‌ಸೈಟ್ ಕಟ್ಟುವುದನ್ನು ಕಲಿತು, ಸಂಘಕ್ಕೊಂದು ಸೈಟ್ ಮಾಡಿ, ಬೆಳಿಗ್ಗೆ ಎಲ್ಲರಿಗೂ ಲಿಂಕ್ ಕಳಿಸಿದ್ದವರು ಅವರೇ. “ಪರೀಕ್ಷಿಸಿ ನೋಡಿ, ತಪ್ಪಿದ್ದರೆ ನೀವೇ ತಿದ್ದಿ” ಎಂದೂ ಬರೆದಿದ್ದರು.

“ಯಾರ್ರೀ ನನ್ನ ಹೆಸರು ತಗದವ್ರು?” ಎಂದು ಸಭೆಯನ್ನೇ ಕೇಳಿದರು.

“ಅಂಕಲ್, ನೀವು ಇದನ್ನ ಕಟ್ಟಿರೋದು ಕಲಿಯೋರಿಗೆ ಅಂತ ಇರೋ ಸೈಟಲ್ಲಿ,” ಎಂದಳು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದ ಸಮೀಕ್ಷಾ. “ಲಿಂಕ್ ಒತ್ತಿದ ಒಬ್ಬೊಬ್ರಿಗೂ ಬೇರೆ ಬೇರೆ ಕಾಪಿ ಬರತ್ತೆ. ಒಬ್ರು ತಿದ್ದಿದ್ದು ಇನ್ನೊಬ್ರಿಗೆ ಕಾಣಲ್ಲ.”

ಚನ್ನವೀರಪ್ಪನವರಿಗೆ ಜೀವ ಬಂದಂತಾಯಿತು. ಹಾಗಾದರೆ ಇದು ವಾದಿರಾಜನೊಬ್ಬನ ಕಿತಾಪತಿ. “ಎಲ್ಲಾರೂ ನಿಮ್ಮ ನಿಮ್ಮ ಫೋನ್ ತೋರಸ್ರಿ,” ಎಂದರು. ಒಂದರಲ್ಲಿ ವಿಷ್ಣು ಅಧ್ಯಕ್ಷ, ಇನ್ನೊಂದರಲ್ಲಿ ಸುಕೃತಿ, ಮತ್ತೊಂದರಲ್ಲಿ ಗೇಟಿನ ವಾಚ್‌ಮನ್. ನೀರು ಬಿಡುವ ಸಮಯ, ಪಾರ್ಕಿಂಗ್ ನಿಯಮ ಎಲ್ಲವೂ ಅವರು ಬರೆದಂತೆಯೇ ಇದ್ದವು. ಬೇರೆ ಯಾವ ತಪ್ಪೂ ಯಾರಿಗೂ ಕಂಡಿರಲಿಲ್ಲ.

ಕೊನೆಗೆ ಹೆಂಡತಿಯ ಕಡೆ ತಿರುಗಿದರು. “ನಿಂದು ತೋರ್ಸು.”

ಬಸಮ್ಮ ಫೋನನ್ನು ಸೆರಗಿನೊಳಗೆ ಸೇರಿಸಿಕೊಂಡು, “ಚಾ ಆರಾಕತ್ತೈತಿ, ಮೊದ್ಲ ಕುಡೀರಿ,” ಎಂದರು.