ಜರ್ಕಿನ್ನಿನ ಹೊಟ್ಟೆ

ಹೊದೆಯಲು ಕೌದಿ ಹೊಲಿಯಲೆಂದು ಕಟ್ಟಿಟ್ಟಿದ್ದ ಹಳೇ ಬಟ್ಟೆಯ ಗಂಟಿನಿಂದ ಸೊಸೆ ಮೈತ್ರಿ ಜೀನ್ಸ್ ಜಾಕೆಟ್ಟೊಂದನ್ನು ಎಳೆದು ತೆಗೆಯುವುದನ್ನು ಯಮುನಮ್ಮ ಕಂಡೇಬಿಟ್ಟರು.

"ಅದನ್ಯಾಕೆ ತಗದಿ? ಕೌದಿ ಒಳಗೆ ಹಾಕಾಕೆ ಇಟ್ಟೀನಿ. ಒಳ್ಳೆ ದಪ್ಪ ಅರಿವೆ ಐತೆ."

"ಇದನ್ನ ನಾನು ಹಾಕ್ಕೊಳ್ತೀನಿ ಅತ್ತೆ. ಬೆಳಿಗ್ಗೆ ಸ್ಕೂಟಿಲಿ ಹೋಗ್ಬೇಕಾದ್ರೆ ಎದೆಗೆ ಚಳಿ ಹೊಡಿಯುತ್ತೆ."

"ಗಂಡಸರ ಜರ್ಕಿನ್ನು," ಎಂದಷ್ಟೇ ಹೇಳಿ ಯಮುನಮ್ಮ ಸೂಜಿಗೆ ದಾರ ಪೋಣಿಸತೊಡಗಿದರು.

ಅದು ಮಗ ಮಾಲತೇಶ್ ಕಾಲೇಜಿಗೆ ಹೋಗುವಾಗ ತೊಡುತ್ತಿದ್ದ ಜಾಕೆಟ್. ಮದುವೆಯಾದ ಮೇಲೆ ಅವನ ಹೊಟ್ಟೆಗೂ ಅದರ ಗುಂಡಿಗಳಿಗೂ ಮಾತು ಬಿಟ್ಟಿತ್ತು. ಮೈತ್ರಿ ಹೋದ ತಿಂಗಳಷ್ಟೇ ಸೊರಬದ ಲ್ಯಾಬೊಂದರಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಸೇರಿದ್ದಳು. ಖಾಲಿ ಹೊಟ್ಟೆಯಲ್ಲಿ ಬಂದು ಕೂರುವ ಸಕ್ಕರೆ ಕಾಯಿಲೆಯವರಿಗೆ ಸೂಜಿ ಚುಚ್ಚಲು ತಾನೂ ಖಾಲಿ ಹೊಟ್ಟೆಯಲ್ಲೇ ಉಡುತಡಿಯಿಂದ ಹೊರಟುಬಿಡುತ್ತಿದ್ದಳು. ಅತ್ತೆ ಈ ಕೆಲಸ ಬೇಡ ಎಂದಿರಲಿಲ್ಲ, ಹೂಂ ಎಂದೂ ಇರಲಿಲ್ಲ. ಅವರ ಬಾಯಿಂದ ಒಂದು ಒಳ್ಳೆಯ ಮಾತು ಕೇಳಿ ಮನೆ ಬಿಡಬೇಕು ಎಂಬ ಆಸೆ ಮೈತ್ರಿಗೆ. ಆ ಒಂದು ಮಾತೇ ಬರುತ್ತಿರಲಿಲ್ಲ.

ಭಾನುವಾರ ಅವಳು ಒಗೆದ ಜಾಕೆಟ್ಟಿನ ಒಳಗೆ ಪೇಪರ್ ತುರುಕಿ, ಬೆನ್ನಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಬಣ್ಣ ತುಂಬಲು ಕೂತಳು. ಮಾಲತೇಶ್ ಬಂದು ಬಗ್ಗಿ ನೋಡಿದ.

"ಎರಡು ಕೋಳಿ ಜಗಳ ಆಡಾಕೆ ಹತ್ತಿದಂಗೆ ಐತಲ್ಲ!"

"ಗಂಡಭೇರುಂಡ ಕಣ್ರೀ! ಬಳ್ಳಿಗಾವಿಗೆ ಕರ್ಕೊಂಡು ಹೋಗಿ ಕಂಬದ ಮೇಲೆ ನೀವೇ ತೋರಿಸಿದ್ದಲ್ವಾ?"

ಯಮುನಮ್ಮ ಕೂತಲ್ಲಿಂದಲೇ ಕತ್ತು ಉದ್ದ ಮಾಡಿದರು. "ಎರಡು ಬಾಯಿ ಬರದೀಯ. ಒಂದಕ್ಕಾದ್ರೂ ತಿನ್ನಾಕೆ ಏನರ ಬರಿಬಾರ್ದಾ?" ಎಂದರು. ಮಾಲತೇಶ್ ನಕ್ಕ. ಅತ್ತೆ ನಗದೇ ಇದ್ದುದರಿಂದ ಮೈತ್ರಿಯೂ ನಗಲಿಲ್ಲ.

ಜಾಕೆಟ್ಟಿನ ಎರಡೂ ಮೊಣಕೈ ಹರಿದಿದ್ದವು. ಅತ್ತೆಯ ಹಳೇ ಚೌಕುಳಿ ಸೀರೆಯಿಂದ ಎರಡು ತೇಪೆ ಕತ್ತರಿಸಿಕೊಂಡಳು. ಎಂಥವರ ಕೈಯಲ್ಲೂ ನರ ಹುಡುಕಿ ಸೂಜಿ ಚುಚ್ಚುವ ಹುಡುಗಿ, ಬಟ್ಟೆಯ ಬದಲು ತನ್ನ ಬೆರಳಿಗೇ ಎರಡು ಸಲ ಚುಚ್ಚಿಕೊಂಡಳು. "ಕೊಡಿಲ್ಲಿ," ಎಂದು ಯಮುನಮ್ಮ ಕಿತ್ತುಕೊಂಡರು. ಮೈತ್ರಿ ಅನ್ನ ಬಸಿದು ಬರುವಷ್ಟರಲ್ಲಿ ಎರಡು ತೇಪೆಯ ಮೇಲೂ ಕೌದಿಯ ಹೊಲಿಗೆ ಸಾಲುಸಾಲಾಗಿ ಕೂತಿತ್ತು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಆ ಸಾಲುಗಳನ್ನು ಸವರಿ ಸವರಿ ನೋಡಿದಳು. ಆಮೇಲೆ ಬಣ್ಣ ಒಣಗಲೆಂದು ಜಾಕೆಟ್ಟನ್ನು ಹಿತ್ತಲ ಹಗ್ಗಕ್ಕೆ ಹಾಕಿದಳು.

ಸಂಜೆ ಇಸ್ತ್ರಿ ಮಾಡಲು ತರಹೋದರೆ ಹಗ್ಗದ ಉದ್ದಕ್ಕೂ ಕೆಂಪಿರುವೆ. ಹಗ್ಗದಿಂದ ತೋಳಿಗಿಳಿದು, ಬಲ ಮೊಣಕೈಯ ತೇಪೆಯೊಳಗೆ ಒಂದೊಂದಾಗಿ ನುಗ್ಗುತ್ತಿದ್ದವು. ಮೈತ್ರಿ ಬ್ಲೇಡಿನಿಂದ ಹೊಲಿಗೆ ಬಿಚ್ಚಿದಳು. ಒಳಗೆ ಹಿಂದಿನ ದಿನ ಅಮಾವಾಸ್ಯೆಗೆ ಮಾಡಿದ ಹೋಳಿಗೆಯ ತುಂಡು! ಬಟ್ಟೆಗೆಲ್ಲ ತುಪ್ಪ ಹಿಡಿದಿತ್ತು.

ಅವಳು ಜಾಕೆಟ್ ಹಿಡಿದು ನೇರ ಪಡಸಾಲೆಗೆ ಬಂದಳು.

"ನಾನು ಇದನ್ನ ಹಾಕ್ಕೊಳ್ಳೋದು ಇಷ್ಟ ಇಲ್ದಿದ್ರೆ ಬಾಯಿಬಿಟ್ಟು ಹೇಳಬಹುದಿತ್ತಲ್ಲ ಅತ್ತೆ? ಹಿಂಗೆ ಇರುವೆ ಬಿಟ್ಟು ಹಾಳು ಮಾಡ್ಬೇಕಿತ್ತಾ?"

ಯಮುನಮ್ಮ ತೇಪೆ ನೋಡಿದರು, ಇರುವೆ ನೋಡಿದರು, ಹಣೆ ಚಚ್ಚಿಕೊಂಡರು.

"ಅಯ್ಯ, ನನ್ನ ಬುದ್ಧಿಗಿಷ್ಟು! ನಿಮ್ಮ ತವರು ಕುಪ್ಪಗಡ್ಡೆ ಕಡೆ ಕೌದಿ ಹೊಲಿಯಲ್ವೇನವ್ವ?"

"ಇಲ್ಲ. ಅಂಗಡಿಯಿಂದ ರಗ್ಗು ತರ್ತೀವಿ."

"ಮತ್ತೆ ನಿಂಗೆ ಹೆಂಗೆ ಗೊತ್ತಾಗಬೇಕು! ನಮ್ಮಲ್ಲಿ ಕೌದಿ ಹೊಲಿದು ಕಡೀ ಮೂಲೆ ಮುಚ್ಚಾಕೆ ಮುಂಚೆ ಒಂದು ಚೂರು ಒಣ ರೊಟ್ಟಿ ಇಡ್ತೀವಿ. ಕೌದಿ ಹೊಟ್ಟೆ ತುಂಬಸಾದು ಅಂತ. ಹೊದ್ದುಕೊಂಡೋರು ಯಾವತ್ತೂ ಹಸಿಬಾರ್ದು ನೋಡು. ನೀನು ದಿನಾ ಬರೇ ಹೊಟ್ಟೆಲಿ ಅಷ್ಟು ದೂರ ಹೋಗ್ತೀಯ. ನಂಗೆ ಒಲಿ ಮುಂದೆ ಕೈಯೇ ಆಡಲ್ಲ." ಅವರು ಸೆರಗಿನಿಂದ ಇರುವೆ ಕೊಡವುತ್ತ ತಲೆ ತಗ್ಗಿಸಿದರು. "ನಿಂಗೆ ರೊಟ್ಟಿ ಸೇರಲ್ಲ, ಹೋಳಿಗೆ ಅಂದ್ರೆ ಜೀವ. ಅದಕ್ಕೇ ಹೋಳಿಗೆ ಇಟ್ಟೆ. ಇರುವೆ ನೆಪ್ಪೇ ಆಗಲಿಲ್ಲ ನೋಡು."

ಮೈತ್ರಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಒಂದು ತಿಂಗಳಿಂದ ತಾನು ಕೋಪವೆಂದುಕೊಂಡದ್ದು ಇದೇ ಏನು! ಅಡುಗೆಮನೆಗೆ ಹೋಗಿ ಒಣ ರೊಟ್ಟಿಯ ಎರಡು ಚೂರು ಮುರಿದು ತಂದು ಅತ್ತೆಯ ಅಂಗೈಯಲ್ಲಿಟ್ಟಳು.

"ಎರಡೂ ತೋಳಿಗೆ ಇಟ್ಟು ಹೊಲೀರಿ ಅತ್ತೆ. ನನ್ನ ಹಕ್ಕಿಗೆ ಎರಡು ಬಾಯಿ ಇದಾವಲ್ಲ."

ಯಮುನಮ್ಮ ಈಗ ನಕ್ಕರು. ತುಪ್ಪದ ಕಲೆ ಸೋಪು ಹಾಕಿದರೂ ಪೂರ್ತಿ ಹೋಗಲಿಲ್ಲ. ಅದರ ಮೇಲೆ ಮೈತ್ರಿ ಒಂದು ಹಳದಿ ಹೂ ಬರೆದಳು.

ಸೋಮವಾರ ಬೆಳಿಗ್ಗೆ ಜಾಕೆಟ್ ತೊಟ್ಟು ಎಂದಿನಂತೆ ಅವಸರದಲ್ಲಿ ಬಂದು ನೋಡಿದರೆ ಮೊಳೆಯಲ್ಲಿ ಸ್ಕೂಟಿ ಕೀ ಇಲ್ಲ. ಬಾಗಿಲಿಗೆ ಅಡ್ಡವಾಗಿ ಯಮುನಮ್ಮ ನಿಂತಿದ್ದರು. ಕೈಯಲ್ಲಿ ಬಿಸಿ ದೋಸೆಯ ತಟ್ಟೆ, ಸೆರಗಿನ ತುದಿಯ ಗಂಟಿನಲ್ಲಿ ಕೀ.

"ಜರ್ಕಿನ್ನು ಉಂಡೈತೆ," ಎಂದರು. "ಈಗ ಅದರೊಳಗೆ ಇರಾಕಿ ಉಣ್ಣಲಿ."