ಸಾಹೇಬರ ಬೂಟು

ನೆನೆದ ತೊಗರಿ ಕಟ್ಟಿಗೆಯ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನ್ನ ಮೈ ಉರಿಯುತ್ತದೆ.

ಕಾಲುವೆಯ ನೀರು ಬಸಿದು ಬಸಿದು ಶಹಾಪುರದ ಹತ್ತಿರದ ನಮ್ಮ ಎರೆ ಹೊಲ ಜವಳಾಗಿತ್ತು. ನೀರು ಹೊರಹೋಗಲು ದಾರಿಯೇ ಇರಲಿಲ್ಲ. ಮೇಲೆ ಹಸಿರು ಹುಲ್ಲು ಕಂಡರೂ ಇಟ್ಟ ಕಾಲು ಹೂತುಹೋಗುತ್ತಿತ್ತು, ಬಿತ್ತಿದ್ದೆಲ್ಲ ಕೊಳೆಯುತ್ತಿತ್ತು. ಕಂದಾಯ ಮಾಫಿ ಮಾಡಿರೆಂದು ಅಪ್ಪ ಅರ್ಜಿ ಕೊಟ್ಟಿದ್ದ. ಹೊಲ ನೋಡಲು ಸಾಹೇಬರು ಬರುವ ದಿನ ನಸುಕಿನಲ್ಲೇ ಎದ್ದು, ಒಣ ತೊಗರಿ ಕಟ್ಟಿಗೆ ಹೊತ್ತು ತಂದು ಬದುವಿನಿಂದ ಹೊಲದ ನಡುವಿನವರೆಗೆ ದಪ್ಪಗೆ ಹಾಸಿದ. ನಾನೂ ಹೊತ್ತೆ. ಹೆಗಲು ತರಚಿಹೋಯಿತು.

ಮಧ್ಯಾಹ್ನ ಬಂದ ಸಾಹೇಬರು ಕಟ್ಟಿಗೆಯ ಮೇಲೆ ನಡೆದುಹೋಗಿ, ಹಾಗೇ ತಿರುಗಿ ಬಂದು ತಮ್ಮ ಬೂಟು ನೋಡಿಕೊಂಡರು.

“ಜವಳು ಎಲ್ಲದಪ? ನನ್ನ ಬೂಟಿಗೆ ಹನಿ ನೀರು ಹತ್ತಿಲ್ಲ. ಹುಲ್ಲು ನೋಡಿದ್ರ ಹಿಂಗ ಬೆಳದದ!”

“ಕಟಿಗಿ ಇಳದು ಒಂದ್ ಹೆಜ್ಜಿ ಇಡ್ರಿ ಸಾಹೇಬ್ರ, ಗೊತ್ತಾಗ್ತದ,” ಎಂದಳು ಬದುವಿನ ಮೇಲೆ ನಿಂತಿದ್ದ ಅವ್ವ.

ಅವರು ನಕ್ಕು ಜೀಪು ಹತ್ತಿದರು. ಮಾಫಿ ಆಗಲಿಲ್ಲ.

ಜೀಪಿನ ಧೂಳು ಇಳಿಯುವ ಮೊದಲೇ ಅವ್ವ ಸಿಡುಕಿದಳು. “ಹಾಸಬ್ಯಾಡ್ರಿ ಅಂದ್ರ ಕೇಳಿದ್ರೇನು? ಒಂದ್ ಬೂಟು ಕೆಸರಾಗಿದ್ರ ಸಾಕಿತ್ತು.”

“ಹೊಲಕ್ಕ ಬಂದವರನ್ನ ಕೆಸರಾಗ ಇಳಿಸೂದು ನಮ್ಮ ಮನಿತನಕ್ಕ ಬರಂಗಿಲ್ಲ,” ಎಂದ ಅಪ್ಪ.

ಹಾಗೆನ್ನುವಾಗ ಅವನು ಆ ಕಟ್ಟಿಗೆಯನ್ನೆಲ್ಲ ವಾಪಸ್ಸು ಎತ್ತುತ್ತ, ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದ.